ತಂಬಾಕು ತಿಳಿವಳಿಕೆಯ ಹಣ: ಪಂಚಾಯಿತಿಗಳು ಬಾಯಿ ತೆರೆಯಲಿ



ಆಗಸ್ಟ್ 1 ಹತ್ತಿರ ಬಂದಿದೆ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ಹುಟ್ಟಿದ ದಿನ ಅದು. ಸರ್ಕಾರ ಅದನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಮಕ್ಕಳಿಂದ ಪ್ರತಿಜ್ಞೆ ಮಾಡಿಸುತ್ತಾರೆ, ಫೋಟೊ ತೆಗೆದು ಮೇಲಧಿಕಾರಿಗೆ ಕಳಿಸುತ್ತಾರೆ. ಆಚರಣೆಯನ್ನು ನಾನು ಹೀಗಳೆಯುತ್ತಿಲ್ಲ. ಆದರೆ ಪೂಜ್ಯರು ಮಾಡಿದ್ದು ಇದಲ್ಲವಲ್ಲ! ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಕೇರಿ ಕೇರಿಗೆ ನಡೆದರು. ಕಾಳು ಬೇಡ, ಕಾಸು ಬೇಡ, ನಿಮ್ಮ ಚಟವನ್ನು ಭಿಕ್ಷೆಯಾಗಿ ಹಾಕಿ ಎಂದು ಬೇಡಿದರು. ಜನ ಬೀಡಿ ಕಟ್ಟು, ತಂಬಾಕಿನ ಚೀಟು, ಸಾರಾಯಿ ಪ್ಯಾಕೆಟ್ಟುಗಳನ್ನು ಆ ಜೋಳಿಗೆಗೆ ಹಾಕಿದರು. 1970ರ ದಶಕದಲ್ಲಿ ಹೊರಟ ಆ ಜೋಳಿಗೆಗೆ ಅರ್ಧ ಶತಮಾನವಾಗುತ್ತ ಬಂತು. 2018ರಲ್ಲಿ ಅವರು ಲಿಂಗೈಕ್ಯರಾದರು.

ಆ ಜೋಳಿಗೆಗೆ ಅನುದಾನ ಬೇಕಿರಲಿಲ್ಲ ಎಂದು ಕೆಲವರು ಈಗ ಹೇಳತೊಡಗಿದ್ದಾರೆ. ತಂಬಾಕಿನ ತಿಳಿವಳಿಕೆಗೆ ಸರ್ಕಾರ ಹಣ ಕೊಡುವುದೇಕೆ, ಅದು ಮಠಗಳ ಕೆಲಸ, ಮನೆಯ ಹಿರಿಯರ ಕೆಲಸ ಎಂಬ ಮಾತು. ಕೇಳಲು ಇಂಪಾಗಿದೆ, ನಮ್ಮನ್ನು ಹೊಗಳಿದಂತೆಯೂ ಇದೆ. ಈ ಹೊಗಳಿಕೆಗೆ ನಾವು ಮರುಳಾಗಬಾರದೆಂದೇ ಈ ಸಂಚಿಕೆಯಲ್ಲಿ ಇಷ್ಟು ಪುಟ ತೆಗೆದುಕೊಳ್ಳುತ್ತಿದ್ದೇನೆ.

ಮೊದಲು ಈ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಲಿ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007-08ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಆಗ ಆರಿಸಿದ ಎರಡು ಜಿಲ್ಲೆಗಳಲ್ಲಿ ಒಂದು ಬೆಂಗಳೂರು ನಗರ, ಇನ್ನೊಂದು ಶರಣಬಸವೇಶ್ವರರ ಕಲಬುರಗಿ. ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಪ್ರತಿ ಜಿಲ್ಲೆಗೆ ಒಂದು ತಂಬಾಕು ನಿಯಂತ್ರಣ ಕೋಶ. ಅದರಲ್ಲಿ ಒಬ್ಬ ಸಲಹೆಗಾರ, ಒಬ್ಬ ಸಮಾಜ ಕಾರ್ಯಕರ್ತ, ಒಬ್ಬ ಆಪ್ತಸಮಾಲೋಚಕ. ಇವರೆಲ್ಲ ಗುತ್ತಿಗೆಯ ಮೇಲೆ ದುಡಿಯುವವರು. ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುತ್ತದೆ, ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಇಷ್ಟೇ ಜನ ಇಡೀ ಜಿಲ್ಲೆಯ ಶಾಲೆ, ಕಾಲೇಜು, ಬಸ್ ನಿಲ್ದಾಣ, ಗೂಡಂಗಡಿಗಳನ್ನು ಸುತ್ತಬೇಕು. ಶಾಲಾ ಮಕ್ಕಳು ಅಂಗಡಿಯವರ ಕೈಗೆ ಗುಲಾಬಿ ಕೊಟ್ಟು, ತಂಬಾಕು ಮಾರಬೇಡಿ ಎಂದು ಕೇಳುವ 'ಗುಲಾಬಿ ಆಂದೋಲನ'ವನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಅದರ ಹಿಂದೆ ಇರುವುದು ಈ ಮೂರು ಜನ, ಒಂದು ಜೀಪು.

ಇಂಥ ಕೆಲಸದ ಹಣವನ್ನು ಕಡಿತ ಮಾಡುವವರು ಸಭೆ ಕರೆದು ಘೋಷಿಸುವುದಿಲ್ಲ. ಕಟ್ಟಡದ ಹಣ ನಿಂತರೆ ಅರ್ಧ ಎದ್ದ ಗೋಡೆ ಊರಿಗೆಲ್ಲ ಕಾಣುತ್ತದೆ. ತಿಳಿವಳಿಕೆಯ ಹಣ ನಿಂತರೆ ಯಾರಿಗೂ ಏನೂ ಕಾಣುವುದಿಲ್ಲ. ಖಾಲಿಯಾದ ಹುದ್ದೆಯನ್ನು ತುಂಬದಿದ್ದರೆ ಸಾಕು, ಏಪ್ರಿಲ್‌ನಲ್ಲಿ ಬರಬೇಕಾದ ಕಂತು ಫೆಬ್ರುವರಿಯಲ್ಲಿ ಬಂದರೆ ಸಾಕು, ಮಾರ್ಚ್ ಕೊನೆಯ ವಾರ ಒಂದಿಷ್ಟು ಫ್ಲೆಕ್ಸ್ ಅಚ್ಚು ಹಾಕಿಸಿ ಲೆಕ್ಕ ಮುಗಿಸಿದರೆ ಸಾಕು. ಕೈ ಬಿಟ್ಟದ್ದೂ ತಿಳಿಯದು, ಬಿಟ್ಟವರಾರೆಂಬುದೂ ತಿಳಿಯದು. ಆದ್ದರಿಂದಲೇ ಇದನ್ನು ತಡೆಯುವವರು ದೂರದ ರಾಜಧಾನಿಯಲ್ಲಿರುವವರಲ್ಲ. ಮೇಷ್ಟ್ರ ಜೊತೆ ಶಾಲೆಗೆ ಬರುತ್ತಿದ್ದ ಆ ಹುಡುಗ ಈ ವರ್ಷ ಏಕೆ ಬರಲಿಲ್ಲ ಎಂದು ಕೇಳಬಲ್ಲವರು, ಅಂದರೆ ಪಂಚಾಯಿತಿಯವರು.

ಈ ಮಾತನ್ನು ನಾನು ಉಡುಪಿ ಜಿಲ್ಲೆಯನ್ನು ಕಣ್ಣಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಕೆಳದಿಯ ಅರಸರು ಆಳಿದ ಕರಾವಳಿಯೇ ಆದರೂ ಇಂದು ಅಲ್ಲಿ ಲಿಂಗಾಯತರ ಮನೆಗಳು ವಿರಳ. ಆದರೆ ನಮ್ಮವರಿಲ್ಲದ ಊರಲ್ಲ ಅದು. ಬೆಳಗಿನ ಏಳು ಗಂಟೆಗೆ ಮಣಿಪಾಲದ ಕಡೆ ಒಮ್ಮೆ ಹೋಗಿ ನಿಲ್ಲಿ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಮಾತು ಕಿವಿಗೆ ಬೀಳುತ್ತದೆ. ಕೈಯಲ್ಲಿ ಬುತ್ತಿಯ ಡಬ್ಬಿ, ಹೆಗಲ ಮೇಲೆ ಟವೆಲು, ಕೆಲಸಕ್ಕೆ ಕರೆಯುವ ಮೇಸ್ತ್ರಿಗಾಗಿ ಕಾಯುತ್ತಿರುವ ಗಂಡಸರು, ಹೆಂಗಸರು. ಅಲ್ಲಿನವರು ಇವರನ್ನು 'ಘಟ್ಟದವರು' ಎನ್ನುತ್ತಾರೆ. ಅಲ್ಲಿ ಏಳುವ ಎತ್ತರದ ಕಟ್ಟಡಗಳ ಗಾರೆಯಲ್ಲಿ ನಮ್ಮ ಬಯಲುಸೀಮೆಯ ಬೆವರಿದೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನು ಅಲ್ಲಿ ನಿಂತಿದ್ದೆ. ಇಪ್ಪತ್ತೆರಡರ ಆಸುಪಾಸಿನ ಹುಡುಗನೊಬ್ಬ. ಕೊರಳಲ್ಲಿ ಶಿವದಾರ, ಅದರಲ್ಲಿ ಕರಡಿಗೆ. ಅಂಗೈಯಲ್ಲಿ ಸುಣ್ಣ ತಂಬಾಕು ತಿಕ್ಕುತ್ತಿದ್ದ. ನಾನು ಕರಡಿಗೆಯನ್ನು ನೋಡಿದ್ದನ್ನು ಅವನು ನೋಡಿದ. ನಾಚಿಕೊಂಡು ನಕ್ಕ. "ಏನ್ ಮಾಡೂದ್ರಿ ಯಪ್ಪಾ, ನಾಕನೇ ಮಾಳಿಗಿಗಿ ಇಟ್ಟಂಗಿ ಹೊರಬೇಕಂದ್ರ ಬಾಯಾಗ ಇದು ಇರಬೇಕ್ರಿ. ಹಸಿವಿ ಗೊತ್ತಾಗೂದಿಲ್ಲ" ಎಂದ. ಶಾಲೆಯಲ್ಲಿದ್ದಾಗ ಮುಟ್ಟಿರಲಿಲ್ಲವಂತೆ. ಹತ್ತನೇ ಇಯತ್ತೆ ಬಿಟ್ಟು ದುಡಿಯಲು ಬಂದ ಮೊದಲ ತಿಂಗಳು ಜೊತೆಯವರು ಕೊಟ್ಟರಂತೆ. ಯಾರಾದರೂ ಬಂದು ಇದರ ಬಗ್ಗೆ ಹೇಳಿದ್ದಾರೆಯೇ ಎಂದು ಕೇಳಿದೆ. "ಸಾಲ್ಯಾಗ ಹೇಳಿದ್ರು, ಸಿಗರೇಟ್ ಸೇದಬ್ಯಾಡ್ರಿ ಅಂತ. ನಾ ಸಿಗರೇಟ್ ಸೇದಂಗಿಲ್ಲಲ್ರಿ" ಎಂದ.

ಈ ಹುಡುಗನ ಎರಡು ಮಾತಿನಲ್ಲಿ ಸರ್ಕಾರದ ಎರಡು ಸಮೀಕ್ಷೆಗಳ ಸಾರ ಇದೆ. 2019ರ ಯುವಜನರ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಶಾಲಾಮಕ್ಕಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ. 8.5 ಇದ್ದರೆ, ಕರ್ನಾಟಕದಲ್ಲಿ ಶೇ. 1.2 ಮಾತ್ರ. ದೇಶದಲ್ಲೇ ತೀರ ಕಡಿಮೆ ಇರುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಇದನ್ನೇ ಹಿಡಿದು, ಇನ್ನು ಹಣ ಏಕೆ ಎನ್ನುವವರಿದ್ದಾರೆ. ಅವರು ಇನ್ನೊಂದು ಅಂಕಿಯನ್ನೂ ಓದಬೇಕು. 2016-17ರ ವಯಸ್ಕರ ಸಮೀಕ್ಷೆಯಲ್ಲಿ, 15 ವರ್ಷ ಮೇಲ್ಪಟ್ಟ ಕನ್ನಡಿಗರಲ್ಲಿ ಶೇ. 22.8 ಜನ ತಂಬಾಕಿನ ವಶದಲ್ಲಿದ್ದಾರೆ. ಹೊಗೆಯಾಗಿ ಸೇದುವವರು ಶೇ. 8.8, ಜಗಿಯುವವರು, ತಿಕ್ಕುವವರು, ಹಲ್ಲಿಗೆ ಹಚ್ಚುವವರು ಶೇ. 16.3. ಅಂದರೆ ನಮ್ಮ ಮಕ್ಕಳು ಶಾಲೆಯ ಗೇಟಿನೊಳಗೆ ಇರುವವರೆಗೆ ಬಹುಮಟ್ಟಿಗೆ ಸುರಕ್ಷಿತ. ಗೇಟು ದಾಟಿದ ಮೇಲೆ, ಕೆಲಸದ ಸ್ಥಳದಲ್ಲಿ, ಬಸ್ ನಿಲ್ದಾಣದಲ್ಲಿ, ಊರು ಬಿಟ್ಟ ಊರಿನಲ್ಲಿ ಬೀಳುತ್ತಾರೆ. ಬೀಳುವುದೂ ಹೊಗೆಗಿಂತ ಹೆಚ್ಚಾಗಿ ಬಾಯಿಯ ತಂಬಾಕಿಗೆ. ನಮ್ಮ ಭಿತ್ತಿಪತ್ರಗಳಲ್ಲಿ ಇನ್ನೂ ಸಿಗರೇಟಿನ ಚಿತ್ರವೇ ದೊಡ್ಡದಾಗಿರುತ್ತದೆ!

ತಿಳಿವಳಿಕೆಯಿಂದ ಪ್ರಯೋಜನವಿಲ್ಲ ಎಂಬ ವಾದಕ್ಕೂ ಅದೇ ಸಮೀಕ್ಷೆಯಲ್ಲಿ ಉತ್ತರವಿದೆ. 2009-10ರಲ್ಲಿ ಕರ್ನಾಟಕದ ಪ್ರಮಾಣ ಶೇ. 28.2 ಇತ್ತು. ಏಳು ವರ್ಷಗಳಲ್ಲಿ ಐದಕ್ಕೂ ಹೆಚ್ಚು ಅಂಶ ಇಳಿದಿದೆ. ಕಾನೂನು, ತೆರಿಗೆ, 2013ರ ಗುಟ್ಕಾ ನಿಷೇಧ, ಪೊಟ್ಟಣದ ಮೇಲಿನ ಚಿತ್ರ, ಶಾಲೆಯ ಪಾಠ ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ. ಇಳಿಯುತ್ತಿರುವಾಗ ಒಂದು ಕೈಯನ್ನು ಕಟ್ಟಿಹಾಕುವುದು ಜಾಣತನವಲ್ಲ ಎಂಬುದಕ್ಕೆ ಅಷ್ಟು ಲೆಕ್ಕ ಬೇಕಿಲ್ಲ. ಗುಟ್ಕಾ ನಿಷೇಧವಾದ ಮೇಲೆ ಏನಾಯಿತು? ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂತು. ಕೊಂಡವನು ಅಂಗೈಯಲ್ಲಿ ಕೂಡಿಸಿಕೊಂಡ. ಕಾನೂನಿಗೆ ಕಾಣದ ಆ ಅಂಗೈಯನ್ನು ತಲುಪುವುದು ತಿಳಿವಳಿಕೆಯೊಂದೇ.

ಖರ್ಚಿನ ಮಾತಾಡುವವರಿಗೆ ಇನ್ನೊಂದು ಲೆಕ್ಕ. 2017-18ರಲ್ಲಿ ತಂಬಾಕಿನ ರೋಗ, ಅಕಾಲ ಮರಣಗಳಿಂದ ದೇಶಕ್ಕಾದ ನಷ್ಟ 1.77 ಲಕ್ಷ ಕೋಟಿ ರೂಪಾಯಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಅಂದಾಜಿಸಿದೆ. ತಂಬಾಕಿನ ಅಬಕಾರಿ ಸುಂಕದಿಂದ ಬರುವ ಪ್ರತಿ 100 ರೂಪಾಯಿಗೆ ಸಮಾಜ ತೆರುವುದು 816 ರೂಪಾಯಿ. ಬಾಯಿಯ ಕ್ಯಾನ್ಸರ್ ಆದವರನ್ನು ಕರೆದುಕೊಂಡು ಘಟ್ಟ ಇಳಿದು ಮಣಿಪಾಲಕ್ಕೆ ಬರುವ ಹಾವೇರಿ, ದಾವಣಗೆರೆ, ಶಿವಮೊಗ್ಗದ ಕುಟುಂಬಗಳನ್ನು ನೋಡಿದವರಿಗೆ ಈ ಅಂಕಿ ಬೇಕಾಗುವುದೂ ಇಲ್ಲ. ದವಡೆ ತೆಗೆಸಿಕೊಂಡ ಗಂಡನಿಗೆ ಗಂಜಿಯನ್ನು ನಳಿಕೆಯಲ್ಲಿ ಇಳಿಸುವ ಹೆಂಡತಿಯನ್ನು ಹತ್ತಿರ ಕೂತು ನೋಡಿದ್ದೇನೆ. ಎರಡು ಎಕರೆ ಹೊಲ ಅದಾಗಲೇ ಅಡವಿಗೆ ಬಿದ್ದಿತ್ತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಈ ಸಂಪಾದಕೀಯ ಸುಲಭವಾಗುತ್ತಿತ್ತು. ಆದರೆ ಕಾಪು, ಕಾರ್ಕಳದ ಹಳ್ಳಿಗಳಲ್ಲಿ ತಂಬಾಕಿನ ವಿರುದ್ಧ ಬಾಯಿ ತೆರೆಯುವುದು ನಮ್ಮ ಬಯಲುಸೀಮೆಯಷ್ಟು ಸಲೀಸಲ್ಲ. ಅಲ್ಲಿ ಬೀಡಿ ಇದೆ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮನೆ ಮನೆಗಳಲ್ಲಿ ಹೆಂಗಸರು ತಲೆಮಾರುಗಳಿಂದ ಬೀಡಿ ಕಟ್ಟುತ್ತ ಬಂದಿದ್ದಾರೆ. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಡದ ಕಾಡುಗಳಿಂದ. ಹೊಗೆಸೊಪ್ಪಿನ ದೊಡ್ಡ ಪೇಟೆಗಳಲ್ಲಿ ಒಂದು ನಮ್ಮದೇ ನಿಪ್ಪಾಣಿ. ಕಟ್ಟಿದ ಬೀಡಿಯನ್ನು ಸಂಜೆ ಬ್ರಾಂಚಿಗೆ ಕೊಡಬೇಕು. ಎಣಿಸುವವನು ಕೆಟ್ಟದ್ದೆಂದು ತೆಗೆದು ಎಸೆದದ್ದಕ್ಕೆ ಕಾಸಿಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬೆನ್ನು ಬಾಗುತ್ತದೆ, ಕೆಮ್ಮು ಬಿಡುವುದಿಲ್ಲ, ಹೊಗೆಸೊಪ್ಪಿನ ಘಾಟು ಸೀರೆಯಿಂದ ಹೋಗುವುದಿಲ್ಲ. ಆದರೂ ಆ ದುಡ್ಡು ಹೆಂಗಸಿನ ಕೈಗೇ ಬರುತ್ತದೆ, ವಾರ ವಾರ ಬರುತ್ತದೆ, ಮನೆ ಬಿಟ್ಟು ಹೋಗದೆ ಬರುತ್ತದೆ. ಕರಾವಳಿಯ ಹೆಣ್ಣುಮಕ್ಕಳು ಇಷ್ಟು ಓದಿದ್ದರಲ್ಲಿ ಬೀಡಿಯ ಪಾಲಿದೆ ಎಂದರೆ ಅಲ್ಲಿನ ಯಾರೂ ಅಲ್ಲಗಳೆಯಲಾರರು.

ಕಾಪು ಹತ್ತಿರದ ಒಂದು ಹಳ್ಳಿಯಲ್ಲಿ ಇಂಥ ಒಬ್ಬ ತಾಯಿಯ ಜಗಲಿಯಲ್ಲಿ ಕೂತು ನಾನು ವ್ಯಸನಮುಕ್ತಿಯ ಮಾತೆತ್ತಿದೆ. ಆಕೆ ಕತ್ತರಿ ಕೆಳಗಿಟ್ಟು ಕೇಳಿದರು: "ನೀವು ಹೇಳುವುದು ಸರಿಯೇ ಮಾರಾಯ್ರೆ. ನನ್ನ ಗಂಡ ಬೀಡಿ ಎಳೆದೇ ಹೋದದ್ದು. ಆದರೆ ನನ್ನ ಎರಡು ಮಕ್ಕಳು ಟೀಚರ್ ಆದದ್ದು ಈ ಬೀಡಿಯಿಂದಲೇ ಅಲ್ವಾ? ನಾನು ಯಾವುದನ್ನು ಬೈಯಬೇಕು?" ನನ್ನಲ್ಲಿ ಉತ್ತರ ಇರಲಿಲ್ಲ. ಕಾಯಕವೇ ಧರ್ಮವೆಂದು ಭಾಷಣ ಮಾಡುವ ನಾಲಿಗೆ ಆ ಜಗಲಿಯಲ್ಲಿ ತೊದಲಿತು ಎಂದು ಒಪ್ಪಿಕೊಳ್ಳುತ್ತೇನೆ. ಕಾಯಕಕ್ಕೆ ಸದಾಚಾರದ ನಂಟಿರಬೇಕು ಎನ್ನುವುದು ನಿಜ. ಆದರೆ ಆ ನಂಟು ಕಡಿದದ್ದು ಆ ತಾಯಿಯ ಮೊರದಲ್ಲೋ, ಅವಳಿಗೆ ಬೇರೆ ಕೆಲಸ ಕೊಡದ ನಮ್ಮಲ್ಲೋ?

ಈ ಹೆಂಗಸರಿಗಾಗಿಯೇ ಒಂದು ನಿಧಿ ಇತ್ತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕಾಯ್ದೆ, ಕಲ್ಯಾಣ ನಿಧಿ ಕಾಯ್ದೆ ಎರಡೂ ಬಂದವು. ತಯಾರಾದ ಬೀಡಿಯ ಮೇಲೆ ಸಾವಿರಕ್ಕಿಷ್ಟು ಎಂದು ಸೆಸ್ ವಸೂಲಿ ಮಾಡಿ ಆ ಹಣದಲ್ಲಿ ಔಷಧಾಲಯ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್ಸನ್ನು ರದ್ದು ಮಾಡಲಾಯಿತು. ಯೋಜನೆಗಳನ್ನು ನಿಲ್ಲಿಸುವುದಿಲ್ಲ, ಬಜೆಟ್ಟಿನಿಂದ ಹಣ ಕೊಡುತ್ತೇವೆ ಎಂದರು. ಆದರೆ ತನ್ನ ಹೆಸರಿನಲ್ಲಿ ಬಂದ ಹಣಕ್ಕೂ, ಬೇರೆಯವರ ಮರ್ಜಿಯಿಂದ ಬರುವ ಹಣಕ್ಕೂ ಇರುವ ವ್ಯತ್ಯಾಸ ಕೂಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೀಡಿಯನ್ನು ಸುಟ್ಟು ಬಂದ ಕಾಸು ಬೀಡಿ ಕಟ್ಟುವವಳಿಗೆ ಸಲ್ಲಬೇಕೆಂಬ ಹಕ್ಕಿನ ಮಾತು ಹೋಗಿ ಕೃಪೆಯ ಮಾತು ಬಂತು. ಆ ಹೊತ್ತಿನಲ್ಲಿ ಕಾರ್ಮಿಕ ಸಂಘಗಳು ಕೂಗಿದವು. ನಮ್ಮ ಪತ್ರಿಕೆಗಳು, ನಾನೂ ಸೇರಿ, ಸುಮ್ಮನಿದ್ದೆವು. ಬೀಡಿಯ ಕೂಗಿಗೆ ನಾವೇಕೆ ದನಿಗೂಡಿಸಬೇಕು ಎಂಬ ಮಡಿವಂತಿಕೆ ಇದ್ದಿರಬೇಕು.

ಆದ್ದರಿಂದ ತಂಬಾಕು ತಿಳಿವಳಿಕೆಯ ಹಣ ಎಂದಾಗ ಕರಾವಳಿಯಲ್ಲಿ ಅದರ ಅರ್ಥವನ್ನು ಹಿಗ್ಗಿಸಬೇಕು. ಭಿತ್ತಿಪತ್ರ, ಬೀದಿನಾಟಕದ ಜೊತೆಗೆ ಬೀಡಿ ಕಟ್ಟುವವರಿಗೆ ಬೇರೆ ಕಸುಬಿನ ತರಬೇತಿ, ಅವರ ಎದೆಯ ತಪಾಸಣೆ, ಅವರ ಮಕ್ಕಳ ವಿದ್ಯಾರ್ಥಿವೇತನ ಒಂದೇ ಜೋಳಿಗೆಯಲ್ಲಿರಬೇಕು. ಹಾಗಿದ್ದರೆ ಮಾತ್ರ ಅಲ್ಲಿನ ಪಂಚಾಯಿತಿ ಸದಸ್ಯೆ ಎದ್ದು ನಿಂತು ಈ ಹಣ ಬೇಕೆಂದು ಕೇಳಿಯಾಳು. ಎಷ್ಟೋ ಪಂಚಾಯಿತಿಗಳಲ್ಲಿ ಸದಸ್ಯೆಯೇ ಬೀಡಿ ಕಟ್ಟುವವಳು, ಇಲ್ಲವೇ ಕಟ್ಟಿದವಳ ಮಗಳು. ಹೊಟ್ಟೆಗೆ ಹೊಡೆಯುವ ಉಪದೇಶಕ್ಕೆ ಅವಳು ಕೈ ಎತ್ತಲಿ ಎಂದು ನಾವು ನಿರೀಕ್ಷಿಸುವುದು ಅನ್ಯಾಯ.

ನಮ್ಮ ನಿಪ್ಪಾಣಿಯ ರೈತನಿಗೂ ಇದೇ ಮಾತು. 1981ರ ಏಪ್ರಿಲ್‌ನಲ್ಲಿ ನ್ಯಾಯಬೆಲೆ ಕೇಳಿದ ತಂಬಾಕು ಬೆಳೆಗಾರರ ಮೇಲೆ ಅಲ್ಲಿ ಗೋಲಿಬಾರಾಯಿತು, ರೈತರು ಸತ್ತರು. ಆ ನೆತ್ತರನ್ನು ಮರೆತು, ತಂಬಾಕು ಬೆಳೆಯುವುದೇ ಪಾಪ ಎಂದು ಎತ್ತರದ ಪೀಠದಿಂದ ಹೇಳುವುದು ಬೇಡ. ಬೆಳೆಯುವವನು, ಕಟ್ಟುವವಳು, ತಿಕ್ಕುವವನು ಮೂವರೂ ಒಂದೇ ನೂಲಿನಲ್ಲಿ ಬಿಗಿದವರು. ನೂಲಿನ ತುದಿ ಬೇರೆಯವರ ಕೈಯಲ್ಲಿದೆ.

ಇನ್ನು ಪಂಚಾಯಿತಿಗಳ ಮಾತು. ಮೇಲಿನಿಂದ ಬರುವ ಹಣ ಕಡಿಮೆಯಾದರೆ ಗ್ರಾಮ ಪಂಚಾಯಿತಿ ಏನು ಮಾಡೀತು ಎಂದು ಅನುಮಾನಪಡುವವರಿಗೆ ಹೊರದೇಶದ ಒಂದೆರಡು ಪ್ರಸಂಗ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆಯನ್ನು, ಬೀಡಿ ಸಿಗರೇಟು ಬಿಡಿಸುವ ಕೆಲಸವನ್ನೂ ಸೇರಿಸಿ, ಸ್ಥಳೀಯ ಸಂಸ್ಥೆಗಳಿಗೆ ವಹಿಸಿದರು. 2015ರಲ್ಲಿ ನಡುವರ್ಷದಲ್ಲೇ ಆ ಅನುದಾನದಿಂದ 20 ಕೋಟಿ ಪೌಂಡ್ ಕಿತ್ತುಕೊಂಡರು. ಎಲ್ಲ ಪಕ್ಷದವರೂ ಇರುವ ಅಲ್ಲಿನ ಸ್ಥಳೀಯ ಸಂಸ್ಥೆಗಳ ಒಕ್ಕೂಟ ಬಹಿರಂಗವಾಗಿ ವಿರೋಧಿಸಿತು. ಕಡಿತ ನಿಲ್ಲಲಿಲ್ಲ, ನಿಜ. ಆದರೆ ಯಾರೂ ಕಾಣದಂತೆ ಆಗಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಜನ 1988ರಲ್ಲಿ ಮತ ಹಾಕಿ ಸಿಗರೇಟಿನ ಪ್ರತಿ ಪೊಟ್ಟಣಕ್ಕೆ 25 ಸೆಂಟ್ ತೆರಿಗೆ ಹಾಕಿಸಿ, ಅದರ ಐದನೆಯ ಒಂದು ಪಾಲು ತಿಳಿವಳಿಕೆಗೇ ಮೀಸಲೆಂದು ಬರೆಸಿಕೊಂಡರು. 1992ರಲ್ಲಿ ಗವರ್ನರರು ಪ್ರಚಾರದ ಹಣ ತಡೆದಾಗ ಸಾರ್ವಜನಿಕ ಸಂಸ್ಥೆಯೊಂದು ನ್ಯಾಯಾಲಯಕ್ಕೆ ಹೋಗಿ ಬಿಡಿಸಿಕೊಂಡು ಬಂತು. ಬರೆಸಿಕೊಂಡಿದ್ದರಿಂದ ಕೇಳುವುದಕ್ಕೆ ಆಧಾರವಿತ್ತು. ಅದೇ ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಧೂಮಪಾನ ಮತ್ತು ಆರೋಗ್ಯ ಕಚೇರಿಯ ಸಿಬ್ಬಂದಿಯನ್ನು ಒಂದೇ ಏಟಿಗೆ ಮನೆಗೆ ಕಳಿಸಿದ್ದನ್ನೂ ನೋಡಿದೆವು. ಎಷ್ಟು ದೊಡ್ಡ ಮರವಾದರೂ ಕೊಡಲಿಗೆ ಒಂದು ಬೆಳಿಗ್ಗೆ ಸಾಕು.

ನಮ್ಮಲ್ಲಿ ಕೇಳುವವರೇ ಇಲ್ಲ ಎಂಬುದು ಇನ್ನೊಂದು ಸಂಕಟ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ವರ್ಷಗಳೇ ಕಳೆದರೂ ಚುನಾವಣೆ ನಡೆಸಿಲ್ಲ. ಕಾಪು 2018ರಲ್ಲಿ ತಾಲ್ಲೂಕಾಯಿತು. ಹೊಸ ತಾಲ್ಲೂಕಿಗೆ ಬೋರ್ಡು ಬಂತು, ಕಚೇರಿ ಬಂತು, ಆದರೆ ಜಿಲ್ಲೆಯ ಆರೋಗ್ಯದ ಹಣ ಎಲ್ಲಿ ಹೋಯಿತೆಂದು ಸಭೆಯಲ್ಲಿ ಮೇಜು ಕುಟ್ಟಿ ಕೇಳುವ ಚುನಾಯಿತ ಪ್ರತಿನಿಧಿ ಇಲ್ಲ. ಅನುಭವ ಮಂಟಪದ ವಾರಸುದಾರರು ನಾವೆಂದು ಬೀಗುತ್ತೇವೆ. ಜನರ ಮಂಟಪಗಳ ಬಾಗಿಲಿಗೆ ಬೀಗ ಬಿದ್ದು ವರ್ಷಗಳಾದರೂ ಒಂದು ಮಠದಿಂದಲೂ ದೊಡ್ಡ ದನಿ ಎದ್ದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಉಳಿದಿರುವುದು ಗ್ರಾಮ ಪಂಚಾಯಿತಿ, ಗ್ರಾಮಸಭೆ. ಇವುಗಳ ಕೈಯಲ್ಲಿ ಇರುವುದು ಕಡಿಮೆಯೇನಲ್ಲ. ಅಂಗವಿಕಲರಿಗೆ ಶೇ. 5ರಷ್ಟು ಹಣ ತೆಗೆದಿಡುವುದು ಪಂಚಾಯಿತಿಗಳಿಗೆ ರೂಢಿಯಾಗಿದೆ. ಹಾಗೆಯೇ ವ್ಯಸನಮುಕ್ತಿಗೆ ಸ್ವಂತ ಸಂಪನ್ಮೂಲದಿಂದ ಒಂದಿಷ್ಟು ತೆಗೆದಿಟ್ಟರೆ, ನಾವು ನಮ್ಮ ಪಾಲು ಹಾಕಿದ್ದೇವೆ, ನೀವು ನಿಮ್ಮದನ್ನು ಕಡಿಯಬೇಡಿ ಎಂದು ಮೇಲಿನವರ ಮುಖ ನೋಡಿ ಹೇಳಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಪ್ರತಿ ಊರಿನಲ್ಲೂ ಕಾಗದದ ಮೇಲಾದರೂ ಇದೆ. ತಂಬಾಕು ಮಾರುವವರಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಕಡ್ಡಾಯ ಮಾಡಿ, ಆ ಅಂಗಡಿಯಲ್ಲಿ ಮಿಠಾಯಿ, ಬಿಸ್ಕತ್ತು ಮಾರಬಾರದೆಂದು ಷರತ್ತು ಹಾಕಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಉಡುಪಿ ಜಿಲ್ಲೆಯಲ್ಲೇ ನದಿಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿರುವ ಕೋಡಿ ಬೆಂಗ್ರೆ ತಂಬಾಕುಮುಕ್ತ ಗ್ರಾಮವೆಂದು ಹೆಸರು ಪಡೆದಿದೆ. ಮೀನುಗಾರರ ಊರು ಮನಸ್ಸು ಮಾಡಿದರೆ ಬೇರೆ ಊರಿಗೇನು ಅಡ್ಡಿ?

ಮಕ್ಕಳ ಗ್ರಾಮಸಭೆಯನ್ನೂ ಮರೆಯಬಾರದು. ರಾಜ್ಯಕ್ಕೆಲ್ಲ ಈಗ ಗೊತ್ತಿರುವ ಈ ಪದ್ಧತಿಗೆ ದಾರಿ ತೋರಿದ್ದು ಉಡುಪಿ ಜಿಲ್ಲೆಯ ಕುಂದಾಪುರ ಸೀಮೆಯ ಮಕ್ಕಳ ಪಂಚಾಯಿತಿಗಳು, 1990ರ ದಶಕದಲ್ಲಿ. ಶಾಲೆಯ ಎದುರಿನ ಅಂಗಡಿಯಲ್ಲಿ ಏನು ಮಾರುತ್ತಾರೆ ಎಂಬುದು ದೊಡ್ಡವರಿಗಿಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಅವರಿಗೆ ಮೈಕು ಕೊಟ್ಟರೆ ಅಧ್ಯಕ್ಷರು ಇಕ್ಕಟ್ಟಿಗೆ ಸಿಗುತ್ತಾರೆ. ಸಿಗಲಿ.

2025ರ ಮೇ ತಿಂಗಳಿನಿಂದ ರಾಜ್ಯದ ತಿದ್ದುಪಡಿ ಕಾಯ್ದೆಯೂ ಬಂದಿದೆ. 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಿಕ್ಷಣ ಸಂಸ್ಥೆಯಿಂದ 100 ಮೀಟರಿನೊಳಗೆ ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1000 ರೂಪಾಯಿಗೆ ಏರಿದೆ. ಒಳ್ಳೆಯದು. ಆದರೆ ದೇಶದ ಮೂಲೆ ಮೂಲೆಯ ವಿದ್ಯಾರ್ಥಿಗಳು ತುಂಬಿರುವ ಮಣಿಪಾಲದಂಥ ಊರಿನಲ್ಲಿ 20 ವರ್ಷದವನಿಗೆ ಈ ಕಾನೂನನ್ನು ತಿಳಿಸುವವರು ಯಾರು? ದಂಡ ಹಾಕಲು ಪೊಲೀಸರಿದ್ದಾರೆ. ತಿಳಿಸಲು ಇರುವುದು ಅದೇ ಮೂರು ಜನರ ಕೋಶ. ದಂಡದ ಹಣ ಏರಿಸಿ ತಿಳಿವಳಿಕೆಯ ಹಣ ಇಳಿಸಿದರೆ ಬಡವನ ಜೇಬು ಖಾಲಿಯಾದೀತು, ಬಾಯಿ ಶುದ್ಧವಾಗದು.

ಕೊನೆಗೆ, ನಮ್ಮ ಮನೆಯ ಕಸ. 100 ಮೀಟರಿನ ಮಾತು ಬಂತಲ್ಲ. ನಾಡಿನಲ್ಲಿ ನಮ್ಮ ಮಠಗಳು, ಸಂಘಗಳು ನಡೆಸುವಷ್ಟು ಶಾಲೆ ಕಾಲೇಜುಗಳನ್ನು ನಡೆಸುವವರು ಕಡಿಮೆ. ಎಷ್ಟೋ ಕಡೆ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡಿರುವ ವಾಣಿಜ್ಯ ಮಳಿಗೆಯೂ ಮಠದ್ದೇ, ಮಳಿಗೆಯ ಬಾಡಿಗೆಯೂ ಮಠಕ್ಕೇ, ಮಳಿಗೆಯ ಬಾಗಿಲಿಗೆ ಮಾಲೆಯಂತೆ ತೂಗುವ ತಂಬಾಕಿನ ಚೀಟುಗಳಿಗೆ ನೆರಳೂ ಮಠದ್ದೇ. ಜಾತ್ರೆಯ ತೇರಿನ ಬೀದಿಯಲ್ಲಿ ಪಾನ್ ಮಸಾಲೆಯ ಹೆಸರು ಹೊತ್ತ ಸ್ವಾಗತ ಕಮಾನು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಕೆಳಗೇ ಪಲ್ಲಕ್ಕಿ ಹಾದುಹೋಯಿತು. ದೇಹವನ್ನೇ ದೇವರ ಮನೆಯೆಂದು ಬಗೆದ ಧರ್ಮ ನಮ್ಮದು. ಪಂಚಾಯಿತಿಯವರಿಗೆ ಬುದ್ಧಿ ಹೇಳಲು ಹೋಗುವ ಮೊದಲು ಆ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಲು ನಮಗೆ ಯಾವ ಅನುದಾನವೂ ಬೇಕಿಲ್ಲ. ಈ ಮಾತು ಓದಿ ಕೆಲವು ಪೂಜ್ಯರಿಗೆ ಬೇಸರವಾದೀತು. ಪತ್ರ ಬರೆಯಲಿ, ಅಚ್ಚು ಹಾಕುತ್ತೇನೆ.

ಪಂಚಾಚಾರಗಳಲ್ಲಿ ಗಣಾಚಾರವೆಂದರೆ ಕೈಯೆತ್ತಿ ಹೋರಾಡುವುದೆಂದೇ ಅನೇಕರ ತಿಳಿವಳಿಕೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ನಡಾವಳಿ ಪುಸ್ತಕದಲ್ಲಿ ಈ ಮಾತು ಬರೆದುಕೊಳ್ಳಿ ಎಂದು ಹಟ ಹಿಡಿಯುವುದೂ ಗಣಾಚಾರವೇ. ಶ್ರಾವಣದ ಪ್ರವಚನಗಳು ಆರಂಭವಾಗುತ್ತಿವೆ. ಪ್ರವಚನಕ್ಕೆ ಬರುವವರಲ್ಲಿ ಪಂಚಾಯಿತಿ ಸದಸ್ಯರು ಇದ್ದೇ ಇರುತ್ತಾರೆ. ಅವರನ್ನು ಹೂಮಾಲೆ ಹಾಕಿ ಕಳಿಸುವ ಬದಲು ಒಂದು ಠರಾವಿನ ಕರಡನ್ನು ಕೈಗೆ ಕೊಡಿ: ಜಿಲ್ಲಾ ತಂಬಾಕು ನಿಯಂತ್ರಣ ಕೋಶದ ಹುದ್ದೆಗಳನ್ನು ಖಾಲಿ ಬಿಡಬಾರದು, ಬಂದ ಹಣ, ಖರ್ಚಾದ ಹಣವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಬೇಕು, ಕಟ್ಟಡ ಕೆಲಸದ ಸ್ಥಳಗಳಿಗೂ, ಬಾಯಿಯ ತಂಬಾಕಿಗೂ ತಿಳಿವಳಿಕೆ ಮುಟ್ಟಬೇಕು, ಬೀಡಿ ಕಟ್ಟುವವರ ಕಲ್ಯಾಣದ ಹಣಕ್ಕೆ ಮತ್ತೆ ಕಾನೂನಿನ ಆಧಾರ ಬೇಕು. ಭಾಷೆ ನಿಮ್ಮೂರಿಗೆ ಹೊಂದುವಂತೆ ತಿದ್ದಿಕೊಳ್ಳಿ.

ತಂಬಾಕು ಬಿಡಬೇಕೆನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಮಠಗಳ ಪ್ರಸಾದ ನಿಲಯದ ಬಾಗಿಲಲ್ಲಿ ಈ ಸಂಖ್ಯೆಯನ್ನು ಸುಣ್ಣದಲ್ಲಿ ಬರೆಸಿ. ಮಣಿಪಾಲದಲ್ಲಿ ಕಂಡ ಆ ಹುಡುಗನಿಗೆ ನಾನು ಇದನ್ನೇ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಅದನ್ನು ಮಡಚಿ ಶಿವದಾರದ ಕರಡಿಗೆಗೆ ಸಿಕ್ಕಿಸಿಕೊಂಡು, ಮೇಸ್ತ್ರಿಯ ಟೆಂಪೋ ಹತ್ತಿದ.

ಠರಾವು ಪಾಸಾದ ಪಂಚಾಯಿತಿಗಳ ಹೆಸರುಗಳನ್ನು ಮುಂದಿನ ಸಂಚಿಕೆಯಿಂದ ಪ್ರಕಟಿಸುತ್ತೇವೆ. ತಿರಸ್ಕಾರವಾದ ಕಡೆಯಿಂದಲೂ ತಿಳಿಸಿ, ಯಾರು ಏನೆಂದು ಹೇಳಿ ತಿರಸ್ಕರಿಸಿದರು ಎಂಬುದರ ಸಮೇತ.